ಆರು ಜೋಡಿ ಚುಕ್ಕೆ, ಅರ್ಧ ಸುತ್ತು ಗೆರೆ: ಗಾಲ್ಫ್ ಚೆಂಡಿಗೆ ಗುರುತು ಹಾಕಿದ ಕೆಲಸ

ಮೊಣಕಾಲೆತ್ತರದ ಹುಲ್ಲಿನಲ್ಲಿ ಎರಡು ಚೆಂಡು, ನಡುವೆ ಒಂದೂವರೆ ಅಡಿ ಅಂತರ. ಎರಡೂ ಬಿಳಿ, ಎರಡೂ ಒಂದೇ ಕಂಪನಿಯವು, ಎರಡರ ಮೇಲೂ ಕಪ್ಪು ಅಕ್ಷರದ 3. ಒಂದು ನನ್ನದು ಅನ್ನುವುದರಲ್ಲಿ ಅನುಮಾನ ಇರಲಿಲ್ಲ. ಯಾವುದು ಅಂತ ಮಾತ್ರ ಹೇಳಲಾಗಲಿಲ್ಲ. ಬೆಳಿಗ್ಗೆ ಹೊರಡುವಾಗ ನೀಲಿ ಮಾರ್ಕರ್‌ನಿಂದ ಒಂದು ಚುಕ್ಕೆ ಇಟ್ಟಿದ್ದೆ. ಚೆಂಡಿದ್ದ ಜಾಗಕ್ಕೆ ಟೀ (ಚೆಂಡು ಕೂರಿಸುವ ಸಣ್ಣ ಗೂಟ) ಚುಚ್ಚಿ ಗುರುತು ಮಾಡಿ ಒಂದೊಂದನ್ನೇ ಎತ್ತಿ ತಿರುಗಿಸಿ ನೋಡಿದೆ. ಒಂದರ ಮೇಲೆ ತಿಳಿನೀಲಿ ಕಲೆಯ ನೆರಳು ಇದ್ದ ಹಾಗಿತ್ತು, ಹುಲ್ಲು ಉಜ್ಜಿ ಬಂದ ಕಲೆಯೂ ಆಗಿರಬಹುದು. ಊಹೆಯ ಮೇಲೆ ಹೊಡೆದು ಅದು ಬೇರೆಯವರ ಚೆಂಡಾಗಿದ್ದರೆ ಒಟ್ಟು ಹೊಡೆತ ಎಣಿಸುವ ಸ್ಟ್ರೋಕ್ ಪ್ಲೇಯಲ್ಲಿ ಎರಡು ಹೊಡೆತದ ದಂಡ, ಒಂದೊಂದು ಹೋಲ್ ಗೆಲ್ಲುವ ಮ್ಯಾಚ್ ಪ್ಲೇಯಲ್ಲಾದರೆ ಆ ಹೋಲೇ ಹೋಯಿತು. ಹುಡುಕಲು ಸಿಗುವುದು 3 ನಿಮಿಷ. 2019ರ ನಿಯಮಾವಳಿಗೆ ಮೊದಲು 5 ಇತ್ತು. ನಿಮಿಷಗಳು ಮುಗಿದವು. ಗುರುತು ಹಿಡಿಯಲಾಗದ ಚೆಂಡು ನಿಯಮದ ಪ್ರಕಾರ ಕಳೆದುಹೋದ ಚೆಂಡು. ಒಂದು ಹೊಡೆತ ಸೇರಿಸಿಕೊಂಡು ಹಿಂದೆ ಹೊಡೆದ ಜಾಗಕ್ಕೇ ವಾಪಸ್ ನಡೆದೆ.

ಆ ನಡಿಗೆ ಮುಗಿಯುವಷ್ಟರಲ್ಲಿ ಈ ಕೆಲಸವನ್ನು ಸರಿಯಾಗಿ ಮಾಡಿಯೇ ಬಿಡಬೇಕು ಅನ್ನಿಸಿತ್ತು. ನಾಲ್ಕು ವಾರಾಂತ್ಯ ಹಿಡಿಯಿತು. ಏನು ಮಾಡಿದೆ, ಎಲ್ಲಿ ಕೆಟ್ಟಿತು, ಕೊನೆಗೆ ಯಾವುದು ನಿಂತಿತು ಎನ್ನುವುದನ್ನು ಬರೆದಿಡುತ್ತಿದ್ದೇನೆ.

ಶುರು ಮಾಡುವಾಗ ನನ್ನ ತಲೆಯಲ್ಲಿ ಇದ್ದದ್ದು ಒಂದೇ ಗುರುತು. ದಪ್ಪನೆಯ ಗೆರೆಯೊಂದನ್ನು ಎಳೆದರೆ ಚೆಂಡು ಗುರುತಿಸುವುದಕ್ಕೂ ಆಯಿತು, ಗ್ರೀನ್ (ಹೋಲ್ ಸುತ್ತಲಿನ ನುಣ್ಣನೆಯ ಹುಲ್ಲು) ಮೇಲೆ ಹೋಲ್ ಕಡೆಗೆ ಗುರಿ ಇಡುವುದಕ್ಕೂ ಆಯಿತು ಅಂತ. ಇದು ತಪ್ಪು ಲೆಕ್ಕ. ಗುರುತಿನ ಚುಕ್ಕೆ ಚೆಂಡು ಹೇಗೆ ಬಿದ್ದಿದ್ದರೂ ಮೇಲಿನಿಂದ ಕಾಣಬೇಕು, ಅಂದರೆ ಎಲ್ಲ ಕಡೆ ಹಂಚಿರಬೇಕು. ಒಂದು ಮಿಲಿಮೀಟರ್ ಆಚೀಚೆ ಆದರೂ ಅದರ ಕೆಲಸ ಕೆಡುವುದಿಲ್ಲ. ಗೆರೆಗೆ ಇದರ ತದ್ವಿರುದ್ಧದ ಗುಣ ಬೇಕು. ಚೆಂಡನ್ನು ನಾವೇ ಕೈಯಾರೆ ತಿರುಗಿಸಿ ಇಡುವುದರಿಂದ ಅದು ಒಂದೇ ಕಡೆ ಇದ್ದರೆ ಸಾಕು, ಆದರೆ ಕೂದಲೆಳೆಯಷ್ಟೂ ಸೊಟ್ಟ ಇರಬಾರದು. ಎರಡನ್ನೂ ಒಂದರ ತಲೆಗೇ ಕಟ್ಟಿದಾಗ ಎರಡೂ ಅರೆಬರೆ ಆಗುತ್ತವೆ. ಹಾಗಾಗಿ ಕೆಲಸವನ್ನು ಎರಡು ಭಾಗ ಮಾಡಿಕೊಂಡೆ.

ಮೊದಲು ಶಾಯಿ. ಬೆಳಿಗ್ಗೆ ಇಟ್ಟ ಚುಕ್ಕೆ ಮಧ್ಯಾಹ್ನದೊಳಗೆ ಏಕೆ ಅಳಿಸಿಹೋಯಿತು ಅನ್ನುವುದು ಗೊತ್ತಾಗದೆ ಮುಂದಕ್ಕೆ ಹೋಗುವುದರಲ್ಲಿ ಅರ್ಥವಿರಲಿಲ್ಲ. ಚೆಂಡಿನ ಹೊರಮೈ ಯುರೇಥೇನ್ ಅಥವಾ ಅಯಾನೊಮರ್. ಅದರ ಮೇಲೆ ಪಾರದರ್ಶಕವಾದ ತೆಳು ಲೇಪ ಇರುತ್ತದೆ. ನಮ್ಮ ಶಾಯಿ ಕೂರುವುದು ಆ ಲೇಪದ ಮೇಲೆ. ಕಂಪನಿಯ ಹೆಸರು, ಸಂಖ್ಯೆ ಲೇಪದ ಕೆಳಗೆ ಅಚ್ಚಾಗಿರುವುದರಿಂದ ಅವು ಅಷ್ಟು ಬೇಗ ಹೋಗುವುದಿಲ್ಲ. ನಮ್ಮದು ಹೊರಗೆ ಬಿಸಿಲಿನಲ್ಲಿ ನಿಂತ ಹಾಗೆ. ಅದರ ಮೇಲೆ ಕೈಬೆರಳಿನ ಎಣ್ಣೆ ಬೇರೆ. ನಾನು ಆ ದಿನ ಚುಕ್ಕೆ ಇಟ್ಟದ್ದು ಜೇಬಿನಿಂದ ತೆಗೆದ ಚೆಂಡಿನ ಮೇಲೆ, ಒರೆಸದೆ, ಒಣಗಲು ಅರ್ಧ ನಿಮಿಷವೂ ಬಿಡದೆ.

ಮೂರು ಹಳೆಯ ಚೆಂಡು ತೆಗೆದುಕೊಂಡು ಐಸೋಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ಅದ್ದಿದ ಹತ್ತಿಯಿಂದ ಒರೆಸಿದೆ. ಒಂದಕ್ಕೆ ಆಲ್ಕೋಹಾಲ್ ಆಧಾರಿತ ಸಣ್ಣ ಮೊನೆಯ ಪರ್ಮನೆಂಟ್ ಮಾರ್ಕರ್, ಒಂದಕ್ಕೆ ಎಣ್ಣೆಬಣ್ಣದ ಪೇಂಟ್ ಪೆನ್, ಒಂದಕ್ಕೆ ಮನೆಯಲ್ಲಿದ್ದ ಜೆಲ್ ಪೆನ್. ಒಂದು ರಾತ್ರಿ ಒಣಗಲು ಬಿಟ್ಟು ಮರುದಿನ ಒದ್ದೆ ಟವೆಲ್‌ನಲ್ಲಿ ಉಜ್ಜಿದೆ, ಆಮೇಲೆ ಸ್ಯಾಂಡ್ ವೆಜ್ ಅನ್ನುವ ಕ್ಲಬ್‌ನಿಂದ ಒಂದೊಂದಕ್ಕೂ ಮೂವತ್ತು ಚಿಪ್ (ಸಣ್ಣ ಹೊಡೆತ) ಹೊಡೆದೆ. ಜೆಲ್ ಪೆನ್ನಿನದು ಟವೆಲ್‌ಗೇ ಹೋಯಿತು. ಪೇಂಟ್ ಪೆನ್ನಿನದು ನೋಡಲು ಬಹಳ ಚೆನ್ನಾಗಿತ್ತು, ದಟ್ಟವಾಗಿ, ಹೊಳೆಯುತ್ತಾ. ಐದಾರು ಹೊಡೆತಕ್ಕೇ ಅಂಚಿನಿಂದ ಪದರ ಏಳತೊಡಗಿತು, ಉಗುರಿನಿಂದ ಎಳೆದರೆ ಚಕ್ಕೆಯ ಹಾಗೆ ಕಿತ್ತು ಬಂತು. ಅದು ಚೆಂಡಿನ ಮೈಮೇಲಿನ ಗುಳಿಯ, ಅಂದರೆ ಡಿಂಪಲ್ಲಿನ, ಒಳಗೆ ತುಂಬಿಕೊಂಡು ನಿಲ್ಲುವುದೂ ನನಗೆ ಸರಿ ಕಾಣಲಿಲ್ಲ. ಚೆಂಡಿನ ನಡವಳಿಕೆ ಬದಲಾಗುವಂತೆ ಬೇಕೆಂದೇ ಏನನ್ನಾದರೂ ಹಚ್ಚುವುದನ್ನು ನಿಯಮ 4.2 ತಡೆಯುತ್ತದೆ. ಗುರುತಿನ ಶಾಯಿಗೆ ಯಾರ ತಕರಾರೂ ಇಲ್ಲ, ಬಣ್ಣದ ದಪ್ಪ ಪದರ ಅದರ ಹತ್ತಿರಕ್ಕೂ ಹೋಗುವುದು ಬೇಡ. ಮಾರ್ಕರ್ ಶಾಯಿ ಮಾತ್ರ ಲೇಪಕ್ಕೆ ಅಂಟಿಕೊಂಡು ನಿಂತಿತು. ವೆಜ್ಜಿನ ಗೀರುಗಳು ಬಿದ್ದಲ್ಲಿ ಲೇಪದ ಜೊತೆಗೇ ಹೋಯಿತು, ಉಳಿದೆಡೆ ಹಾಗೇ ಇತ್ತು. ಅಲ್ಲಿಗೆ ನನ್ನ ಪ್ರಶ್ನೆಗೆ ಉತ್ತರ ಸಿಕ್ಕಿತು: ಕ್ಲಬ್ಬಿನ ಮುಖ ತಾಗಿದ ಜಾಗದ ಗುರುತನ್ನು ಯಾವ ಪೆನ್ನೂ ಉಳಿಸಲಾರದು. ಒಂದೇ ಚುಕ್ಕೆಯನ್ನು ನಂಬಿದರೆ ಅದು ಹೋಗುವ ಹೊಡೆತ ಎಂದಾದರೂ ಬಂದೇ ಬರುತ್ತದೆ.

ತಪ್ಪಾದ ಗುರುತು ಅಳಿಸಲೂ ಅದೇ ಐಸೋಪ್ರೊಪೈಲ್ ಸಾಕು. ಉಗುರುಬಣ್ಣ ತೆಗೆಯುವ ಅಸಿಟೋನ್ ಮುಟ್ಟಬೇಡಿ. ಒಂದು ಹಳೆಯ ಚೆಂಡಿನ ಮೇಲೆ ಪರೀಕ್ಷಿಸಿದೆ. ಶಾಯಿಯ ಜೊತೆ ಹೊಳಪೂ ಹೋಯಿತು, ಮೈ ಅಂಟಂಟಾಗಿ ಬೆರಳಿನ ಗುರುತು ಕೂತಿತು.

ಬಣ್ಣದ ಬಗ್ಗೆ ಒಂದು ಮಾತು. ಕಪ್ಪು ಎದ್ದು ಕಾಣುತ್ತದೆ ಅಂತ ಎಲ್ಲರೂ ಕಪ್ಪನ್ನೇ ಹಿಡಿಯುತ್ತಾರೆ. ಹುಲ್ಲಿನಲ್ಲಿ ಬಿದ್ದ ಚೆಂಡಿನ ಮೇಲೆ ಮಣ್ಣಿನ ಕಲೆಯೂ ಕಪ್ಪಾಗಿಯೇ ಕಾಣುತ್ತದೆ. ಗುರುತಿಸಲು ಚೆಂಡು ಎತ್ತಿದಾಗ ಪೂರ್ತಿ ಒರೆಸುವ ಹಾಗಿಲ್ಲ, ಗುರುತು ಹಿಡಿಯಲು ಎಷ್ಟು ಬೇಕೋ ಅಷ್ಟೇ. ಎತ್ತುವ ಮೊದಲು ಜಾಗಕ್ಕೆ ಗುರುತು ಇಡದಿದ್ದರೂ, ಬೇಕಾದ್ದಕ್ಕಿಂತ ಹೆಚ್ಚು ಒರೆಸಿದರೂ ಒಂದು ಹೊಡೆತದ ದಂಡ. ಆದ್ದರಿಂದ ಮಣ್ಣಿನಲ್ಲೂ ಇಲ್ಲದ, ಹುಲ್ಲಿನಲ್ಲೂ ಇಲ್ಲದ ಬಣ್ಣ ಬೇಕು. ನಾನು ಹಿಡಿದದ್ದು ನೀಲಿ. ನೇರಳೆಯೂ ಚೆನ್ನಾಗಿ ಕಾಣುತ್ತದೆ. ಹಸಿರು, ಕಂದು ಎರಡನ್ನೂ ಪೆಟ್ಟಿಗೆಯಲ್ಲೇ ಬಿಟ್ಟೆ.

ಈಗ ಎಷ್ಟು ಚುಕ್ಕೆ, ಎಲ್ಲೆಲ್ಲಿ? ಇದನ್ನು ಕುಳಿತು ಲೆಕ್ಕ ಹಾಕಿದ್ದು ನನಗೆ ಈ ಕೆಲಸದಲ್ಲಿ ತುಂಬಾ ಖುಷಿ ಕೊಟ್ಟ ಗಂಟೆ. ಪ್ರಶ್ನೆ ಇಷ್ಟೇ: ಚೆಂಡು ಅತ್ಯಂತ ಕೆಟ್ಟದಾಗಿ ಬಿದ್ದಾಗ, ನನ್ನ ಕಣ್ಣಿಗೆ ನೇರವಾಗಿರುವ ನೆತ್ತಿಯಿಂದ ಹತ್ತಿರದ ಚುಕ್ಕೆ ಎಷ್ಟು ದೂರದಲ್ಲಿರುತ್ತದೆ? ಎದುರುಬದುರು ಎರಡು ಚುಕ್ಕೆ ಇಟ್ಟರೆ 90 ಡಿಗ್ರಿ, ಅಂದರೆ ಎರಡೂ ಸೊಂಟದ ಅಂಚಿನಲ್ಲಿ, ಹುಲ್ಲಿನೊಳಗೆ. ನಾಲ್ಕನ್ನು ಸಮನಾಗಿ ಹಂಚಿದರೆ 70.5. ದಾಳದ ಆರು ಮುಖಗಳ ನಡುವಿನ ಹಾಗೆ ಆರು ಇಟ್ಟರೆ 54.7. ಎಂಟು ಇಟ್ಟರೆ ಇನ್ನೂ ಹತ್ತಿರವಾಗುತ್ತದೆ ಅಂದುಕೊಂಡೆ, ದಾಳದ ಎಂಟು ಮೂಲೆಗಳ ಹಾಗೆ ಇಟ್ಟು ಲೆಕ್ಕ ಹಾಕಿದರೆ ಮತ್ತೆ ಅದೇ 54.7 ಬಂತು! ಎರಡು ಚುಕ್ಕೆಯ ಶ್ರಮ ದಂಡ. ಹನ್ನೆರಡಕ್ಕೆ ಹೋದರೆ 37.4ಕ್ಕೆ ಇಳಿಯುತ್ತದೆ, ಆದರೆ ಚೆಂಡು ಸಿಡುಬು ಬಂದ ಹಾಗೆ ಕಾಣುತ್ತದೆ, ಗ್ರೀನ್ ಮೇಲೆ ಗೆರೆ ನೋಡಲು ಅಡ್ಡಿ. ಆರು ಸಾಕು. ಮೇಲಿನಿಂದ ನೋಡಿದರೆ ಅತಿ ಕೆಟ್ಟ ಸ್ಥಿತಿಯಲ್ಲೂ ಚುಕ್ಕೆ ನಡುವಿನಿಂದ 17.4 ಮಿಲಿಮೀಟರ್ ದೂರದಲ್ಲಿ ಕಾಣುತ್ತದೆ. ಚೆಂಡಿನ ಅಂಚು ಇರುವುದು 21.3ರಲ್ಲಿ. ಆ ಕೆಟ್ಟ ಸ್ಥಿತಿಯಲ್ಲಿ ಒಂದಲ್ಲ, ಮೂರು ಜಾಗ ಒಟ್ಟಿಗೆ ಅಷ್ಟೇ ದೂರದಲ್ಲಿರುತ್ತವೆ. ಒಂದು ಅಳಿಸಿಹೋಗಿದ್ದರೂ ಇನ್ನೆರಡು ಉಳಿದಿರುತ್ತವೆ.

ಒಂಟಿ ಚುಕ್ಕೆ ಯಾರು ಬೇಕಾದರೂ ಇಡುತ್ತಾರೆ. ಅದಕ್ಕೇ ಪ್ರತಿ ಜಾಗದಲ್ಲೂ ಅಕ್ಕಪಕ್ಕದ ಎರಡು ಡಿಂಪಲ್ ತುಂಬಿದೆ. ಜೋಡಿ ಚುಕ್ಕೆ ನನ್ನ ಸಹಿ. ಡಿಂಪಲ್ಲಿನ ಒಳಗೆ ಇಡುವುದರಲ್ಲಿ ಇನ್ನೊಂದು ಲಾಭ ಇದೆ: ಗುಳಿಯ ತಳ ಏಣುಗಳಿಗಿಂತ ಸುಮಾರು ಕಾಲು ಮಿಲಿಮೀಟರ್ ಕೆಳಗಿರುವುದರಿಂದ ಟವೆಲ್ ಉಜ್ಜುವಾಗ ಅಲ್ಲಿ ಒತ್ತಡ ಕಡಿಮೆ, ಶಾಯಿ ಹೆಚ್ಚು ದಿನ ಬಾಳುತ್ತದೆ. ಅಮೆರಿಕದ ಆಟಗಾರ ಡಫಿ ವಾಲ್ಡೋರ್ಫ್ ಅವರ ಚೆಂಡುಗಳಿಗೆ ಹೆಂಡತಿ ಮಕ್ಕಳು ಬಣ್ಣಬಣ್ಣದ ಮಾರ್ಕರ್‌ನಲ್ಲಿ ಚಿತ್ರ ಬರೆದುಕೊಡುತ್ತಿದ್ದರು; ಅಷ್ಟು ತುಂಬಿದ ಚೆಂಡು ಬೇರೆಯವರದಕ್ಕೆ ಬೆರೆಯುವ ಭಯವೇ ಇಲ್ಲ. ನನಗೆ ಅಷ್ಟು ಚಿತ್ರ ಬರೆಯಲು ಬರುವುದಿಲ್ಲ, ಜೋಡಿ ಚುಕ್ಕೆ ಬರುತ್ತದೆ.

ಆರು ಜಾಗ ಹಿಡಿಯುವುದು ಸುಲಭ. ನಿಯಮದಲ್ಲಿ ಚೆಂಡಿನ ವ್ಯಾಸ 1.680 ಇಂಚಿಗಿಂತ ಕಡಿಮೆ ಇರಬಾರದು, ಅಂದರೆ 42.67 ಮಿಲಿಮೀಟರ್. ಸುತ್ತಳತೆ 134. ಕಾಗದದ ಪಟ್ಟಿಯೊಂದನ್ನು 134 ಮಿಲಿಮೀಟರ್‌ಗೆ ಕತ್ತರಿಸಿ ಎರಡು ಸಲ ಮಡಚಿದರೆ 33.5ರ ನಾಲ್ಕು ಭಾಗ. ಸೊಂಟಕ್ಕೆ ಸುತ್ತಿ ನಾಲ್ಕು ಮಡಿಕೆಯಲ್ಲಿ ನಾಲ್ಕು ಗುರುತು, ಆಮೇಲೆ ಅಲ್ಲಿಂದ ಮೇಲಕ್ಕೆ ಕಾಲು ಸುತ್ತು, ಕೆಳಕ್ಕೆ ಕಾಲು ಸುತ್ತು. ಅರ್ಧ ನಿಮಿಷದ ಕೆಲಸ.

ಗೆರೆಯ ಕಥೆ ಹೀಗೆ ಅರ್ಧ ನಿಮಿಷದಲ್ಲಿ ಮುಗಿಯಲಿಲ್ಲ.

ಮೊದಲ ಯತ್ನ ಬಾಟಲಿಯ ಮುಚ್ಚಳ. ಚೆಂಡಿನ ಮೇಲೆ ಕೂರುವ ಪ್ಲಾಸ್ಟಿಕ್ ಮುಚ್ಚಳ ಹುಡುಕಿ, ಅದರಲ್ಲಿ ಸೀಳು ಕೊರೆದು, ಸೀಳಿನೊಳಗೆ ಪೆನ್ ಎಳೆದೆ. 18 ಮಿಲಿಮೀಟರ್ ಉದ್ದದ ಗೆರೆ ಬಂತು. ಹತ್ತಿರದಿಂದ ನೋಡಿದಾಗ ಒಂದು ತುದಿ ಅರ್ಧ ಮಿಲಿಮೀಟರ್‌ನಷ್ಟು ಬಾಗಿತ್ತು. ಪೆನ್ನನ್ನು ಎಳೆಯುತ್ತಾ ಕೊನೆಯಲ್ಲಿ ಕೈ ವಾಲಿದೆ. ಅರ್ಧ ಮಿಲಿಮೀಟರ್ ಏನು ಮಹಾ ಅನ್ನಬಹುದು. 18ರಲ್ಲಿ ಅರ್ಧ ಅಂದರೆ 1.6 ಡಿಗ್ರಿ. 3 ಮೀಟರ್ ದೂರದ ಪಟ್‌ನಲ್ಲಿ (ಗ್ರೀನ್ ಮೇಲೆ ಚೆಂಡು ಉರುಳಿಸುವ ಹೊಡೆತ) 1.6 ಡಿಗ್ರಿ ಅಂದರೆ 84 ಮಿಲಿಮೀಟರ್ ಆಚೆ. ಹೋಲ್‌ನ ವ್ಯಾಸ 108, ಅದರ ಅರ್ಧ 54. ನಡುವಿಗೆ ಗುರಿ ಇಟ್ಟ ಚೆಂಡು ಅಂಚನ್ನೂ ಮುಟ್ಟದೆ ಹೋಗುತ್ತದೆ.

ಇಲ್ಲಿ ಒಂದು ವಿಷಯ ಹೊಳೆಯಲು ನನಗೆ ಎರಡು ದಿನ ಬೇಕಾಯಿತು. ಗೆರೆ ಚೆಂಡಿನ ಯಾವ ಭಾಗದಲ್ಲಿದೆ ಅನ್ನುವುದು ಗುರಿಗೆ ಸಂಬಂಧಿಸಿದ್ದೇ ಅಲ್ಲ. ನಾವು ಗೆರೆಯನ್ನೇ ಹೋಲ್ ಕಡೆಗೆ ತಿರುಗಿಸುತ್ತೇವಲ್ಲ. ಗೆರೆ ನೇರವಾಗಿರಬೇಕು, ಉದ್ದವಾಗಿರಬೇಕು, ಇಷ್ಟೇ. ಅದೇ ಅರ್ಧ ಮಿಲಿಮೀಟರ್ ತಪ್ಪು ಚೆಂಡಿನ ಪೂರ್ತಿ ಅಗಲಕ್ಕೆ ಹರಡಿದರೆ 0.67 ಡಿಗ್ರಿ, 3 ಮೀಟರ್‌ನಲ್ಲಿ 35 ಮಿಲಿಮೀಟರ್. ಚೆಂಡು ಹೋಲ್ ಒಳಗೇ ಬೀಳುತ್ತದೆ. ಹಾಗಾಗಿ ಮುಚ್ಚಳದ ಸೀಳಿನಲ್ಲಿ ಎಷ್ಟು ಹುಷಾರಾಗಿ ಎಳೆದರೂ ಪ್ರಯೋಜನ ಕಡಿಮೆ. ಚೆಂಡಿನ ಸುತ್ತ ಅರ್ಧ ಸುತ್ತಾದರೂ ಬರುವ ಗೆರೆ ಬೇಕು. ಅದನ್ನು ಎಳೆಯಲು ಪೆನ್ ನಿಂತಿರಬೇಕು, ಚೆಂಡು ತಿರುಗಬೇಕು.

ಎರಡನೆಯ ವಾರ ಜಿಗ್ ಕಟ್ಟಿದೆ, ಅಂದರೆ ಚೆಂಡನ್ನೂ ಪೆನ್ನನ್ನೂ ಜಾಗದಲ್ಲಿ ಹಿಡಿದಿಡುವ ಚೌಕಟ್ಟು. 18 ಮಿಲಿಮೀಟರ್ ಪ್ಲೈವುಡ್ ತುಂಡು, ಅದರಲ್ಲಿ ಒಂದು ದುಂಡು ತೂತು, ಆ ತೂತಿನ ಬಾಯಿಯ ಮೇಲೆ ಚೆಂಡು ಕೂರುತ್ತದೆ. ಕಪಾಟಿನ ಬಾಗಿಲಿಗೆ ಒಳಗಿನಿಂದ ಕೂರಿಸುವ ಹಿಂಜ್‌ಗೆ ತೂತು ಹೊಡೆಯುವ 35 ಮಿಲಿಮೀಟರ್ ಬಿಟ್ ನನ್ನಲ್ಲಿತ್ತು, ಅದೇ ಸಾಕಾಯಿತು. 35ರ ಬಾಯಿಯ ಮೇಲೆ ಕೂತ ಚೆಂಡಿನ ನಡುಬಿಂದು ಹಲಗೆಯಿಂದ 12.2 ಮಿಲಿಮೀಟರ್ ಎತ್ತರದಲ್ಲಿರುತ್ತದೆ; ಚೆಂಡಿನ ತಳ ಬಾಯಿಯಿಂದ 9.1 ಕೆಳಗಿಳಿಯುತ್ತದೆ. ತೂತನ್ನು 12 ಆಳಕ್ಕೆ ಕೊರೆದರೆ ಚೆಂಡು ತಳ ಮುಟ್ಟುವುದಿಲ್ಲ, ಹಲಗೆ ತೂತಾಗಿ ಆಚೆಗೂ ಹೋಗುವುದಿಲ್ಲ. ಪೆನ್ನಿನ ಮೊನೆ 12.2 ಎತ್ತರದಲ್ಲಿ ಮಲಗಿರಬೇಕು. ಪೆನ್ನಿನ ದಪ್ಪ 12, ಅದರ ನಡು 6ರಲ್ಲಿ. ಕೆಳಗೆ 6 ಮಿಲಿಮೀಟರ್ ಪ್ಲೈ ಪಟ್ಟಿ, ಅದರ ಮೇಲೆ ಎರಡು ಪದರ ಕಾಗದದ ಟೇಪ್. ಪೆನ್ನಿನ ಎರಡೂ ಪಕ್ಕಕ್ಕೆ ಕಡ್ಡಿ ಅಂಟಿಸಿ ಓಣಿಯ ಹಾಗೆ ಮಾಡಿದೆ, ಹಿಂದಿನಿಂದ ರಬ್ಬರ್ ಬ್ಯಾಂಡ್ ಮೆಲ್ಲಗೆ ಮುಂದಕ್ಕೆ ತಳ್ಳುತ್ತದೆ.

ಚೆಂಡು ಇಟ್ಟು ಅಂಗೈಯಿಂದ ತಿರುಗಿಸಿದೆ. ಗೆರೆ ಸುತ್ತಿ ಬಂದು ತನ್ನ ಬಾಲವನ್ನು ಒಂದೂವರೆ ಮಿಲಿಮೀಟರ್ ದೂರದಲ್ಲಿ ಹಾದುಹೋಯಿತು.

ಕಾರಣ ಎರಡಿತ್ತು. ಬಿಟ್ ಕೊರೆದ ತೂತಿನ ಅಂಚು ಚೂಪಾಗಿತ್ತು, ಡಿಂಪಲ್‌ಗಳು ಅದಕ್ಕೆ ಸಿಕ್ಕಿ ಚೆಂಡು ಟಕ್ ಟಕ್ ಅಂತ ಹಾರುತ್ತಿತ್ತು. ಜೊತೆಗೆ ಅಂಗೈಯಿಂದ ತಿರುಗಿಸುವಾಗ ಚೆಂಡು ತಿರುಗುವುದರ ಜೊತೆ ವಾಲುತ್ತಲೂ ಇತ್ತು. ಮೊದಲನೆಯದಕ್ಕೆ ಅಂಚನ್ನು ಸ್ಯಾಂಡ್‌ಪೇಪರ್‌ನಿಂದ ಉಜ್ಜಿ ಸ್ವಲ್ಪ ಇಳಿಜಾರು ಮಾಡಿದೆ. ಎರಡನೆಯದಕ್ಕೆ ಮೇಲಿನಿಂದಲೂ ಒಂದು ಆಸರೆ ಬೇಕಾಯಿತು. ಹಲಗೆಯ ಎರಡು ಕಡೆ ಕಂಬ ನಿಲ್ಲಿಸಿ, ಮೇಲೆ ಅಡ್ಡಪಟ್ಟಿ ಹಾಕಿ, ಅದರ ಮೂಲಕ ಒಂದು ಬೋಲ್ಟ್ ಇಳಿಬಿಟ್ಟೆ. ಬೋಲ್ಟ್ ತುದಿಗೆ ರಬ್ಬರ್ ಅಂಟಿಸಿದ ಸಣ್ಣ ಮುಚ್ಚಳ. ಬೋಲ್ಟ್ ತಲೆ ತಿರುಗಿಸಿದರೆ ಚೆಂಡು ನೆಟ್ಟಗೆ ನಿಂತು ತಿರುಗುತ್ತದೆ. ಇಲ್ಲಿ ಬೋಲ್ಟಿನ ತೂತು ಕೆಳಗಿನ ತೂತಿನ ನಡುವಿಗೆ ಕರಾರುವಾಕ್ಕಾಗಿ ಬರಬೇಕು. ಅಳೆದು ಗುರುತು ಹಾಕಿದರೆ ಬರುವುದಿಲ್ಲ, ಎರಡು ಸಲ ನೋಡಿದೆ. ಹಲಗೆ, ಅಡ್ಡಪಟ್ಟಿ ಎರಡನ್ನೂ ಒಂದರ ಮೇಲೊಂದು ಇಟ್ಟು ಕ್ಲ್ಯಾಂಪ್ ಹಾಕಿ ಮೊದಲು ಒಂದೇ ಸಣ್ಣ ತೂತನ್ನು ಎರಡರಲ್ಲೂ ಒಟ್ಟಿಗೆ ಹೊಡೆಯಬೇಕು. ಕಂಬ ನಿಲ್ಲಿಸುವ ತೂತುಗಳನ್ನೂ ಆಗಲೇ ಹೊಡೆದುಬಿಡಬೇಕು. 35ರ ಬಿಟ್‌ನ ಮೊನೆ ಆ ಸಣ್ಣ ತೂತಿನಲ್ಲೇ ಕೂತು ಕೊರೆಯುತ್ತದೆ. ಜಿಗ್ ಕೆಲಸದಲ್ಲಿ ಇದೊಂದು ಹೆಜ್ಜೆ ತಪ್ಪಿದರೆ ಮಿಕ್ಕದ್ದೆಲ್ಲ ವ್ಯರ್ಥ.

ಅಂಚು ಉಜ್ಜಿದ್ದಕ್ಕೆ ಇನ್ನೊಂದು ಫಲ ಬಂತು. ಕ್ಯಾಲಿಪರ್ ಇಟ್ಟು ಚೆಂಡಿನ ನೆತ್ತಿಯ ಎತ್ತರ ಅಳೆದರೆ 33.5 ಬರಬೇಕಾದಲ್ಲಿ 32.8 ಬಂತು. ಬಾಯಿ ಸ್ವಲ್ಪ ಅಗಲವಾಗಿ ಚೆಂಡು ಕೆಳಗಿಳಿದಿದೆ. ಬಾಯಿ ಒಂದು ಮಿಲಿಮೀಟರ್ ಅಗಲವಾದರೆ ಚೆಂಡು ಮುಕ್ಕಾಲು ಮಿಲಿಮೀಟರ್ ಇಳಿಯುತ್ತದೆ, ಅಷ್ಟು ಸೂಕ್ಷ್ಮ. ಹಾಗಾಗಿ ಮೊದಲು ಉಜ್ಜಿ, ಆಮೇಲೆ ಅಳೆದು, ಕೊನೆಗೆ ಪೆನ್ನಿನ ಎತ್ತರ ಇಡಿ. ನಾನು 6ರ ಪಟ್ಟಿ ಕಿತ್ತು 5 ಮಿಲಿಮೀಟರ್ ಪಟ್ಟಿ ಹಾಕಿ, ನಾಲ್ಕು ಪದರ ಟೇಪ್ ಸುತ್ತಿ 11.5ಕ್ಕೆ ತಂದೆ.

ಆಮೇಲೆ ಆದ ತಪ್ಪು ಇನ್ನೂ ಮನಸ್ಸಿಗೆ ಕಿರಿಕಿರಿ. ಚೆಂಡು ನುಣ್ಣಗೆ ತಿರುಗಲಿ ಅಂತ ತೂತಿನ ಬಾಯಿಗೆ ಮೇಣದಬತ್ತಿ ಉಜ್ಜಿದೆ. ಬೆಣ್ಣೆಯಲ್ಲಿ ತಿರುಗಿದ ಹಾಗೆ ತಿರುಗಿತು. ಆರು ಹೊಸ ಚೆಂಡಿಗೆ ಗೆರೆ ಎಳೆದು, ಚುಕ್ಕೆ ಇಟ್ಟು, ರಾತ್ರಿ ಒಣಗಿಸಿದೆ. ಮರುದಿನ ಬಟ್ಟೆ ತಾಗಿಸಿದರೆ ಗೆರೆ ನಿಂತಿದೆ, ಕೆಳಭಾಗದ ಚುಕ್ಕೆಗಳು ಮಾತ್ರ ಜಾರಿ ಹೋಗುತ್ತಿವೆ. ಮೇಣ ಚೆಂಡಿನ ಮೈಗೆ ಬಳೆಯ ಹಾಗೆ ಹತ್ತಿಕೊಂಡಿತ್ತು, ಶಾಯಿ ಅದರ ಮೇಲೆ ಕೂತಿತ್ತು. ಆರನ್ನೂ ಒರೆಸಿ ಮೊದಲಿನಿಂದ ಮಾಡಿದೆ. ಮೇಣದ ಬದಲು ಈಗ ಬಾಯಿಯ ಸುತ್ತ ನುಣುಪಾದ ಪ್ಲಾಸ್ಟಿಕ್ ಟೇಪ್ ಇದೆ. ಚೆನ್ನಾಗಿಯೇ ತಿರುಗುತ್ತದೆ.

ಗೆರೆಯ ಎರಡು ತುದಿಗಳು ಈಗ ಸೇರುತ್ತವೆ. ಕೆಲವು ಚೆಂಡುಗಳಲ್ಲಿ ಕಾಲು ಮಿಲಿಮೀಟರ್ ವ್ಯತ್ಯಾಸ ಕಾಣುತ್ತದೆ, ಅದೂ ಕಣ್ಣಿಗೆ ರಾಚುತ್ತದೆ. ಎರಡು ಗೆರೆಗಳ ತುದಿ ಒಂದಕ್ಕೊಂದು ಕೂಡಿದೆಯೋ ಇಲ್ಲವೋ ಅನ್ನುವುದನ್ನು ಹಿಡಿಯುವುದರಲ್ಲಿ ನಮ್ಮ ಕಣ್ಣು ಅಸಾಧ್ಯ ಚುರುಕು. ಕ್ಯಾಲಿಪರ್‌ನ ವರ್ನಿಯರ್ ಮಾಪಕ ನಿಂತಿರುವುದೇ ಈ ಶಕ್ತಿಯ ಮೇಲೆ. ಕ್ಯಾಲವೇ ಕಂಪನಿ 2019ರಲ್ಲಿ ತಂದ ಟ್ರಿಪಲ್ ಟ್ರ್ಯಾಕ್ ಚೆಂಡಿನ ಮೂರು ಗೆರೆಗಳಿಗೂ ಇದೇ ತತ್ವವನ್ನು ಮುಂದಿಟ್ಟಿತು. ನಾನೂ ಮೂರು ಗೆರೆ ಎಳೆದು ನೋಡಿದೆ. ನನ್ನ ಕಣ್ಣಿಗೆ ಒಂದೇ ತೆಳು ಗೆರೆ ಹಿತ. ಮೊನೆ ಸಣ್ಣದಾದಷ್ಟೂ ಒಳ್ಳೆಯದು; ದಪ್ಪ ಗೆರೆಯಲ್ಲಿ ಯಾವ ಅಂಚನ್ನು ನಂಬಬೇಕು ಅಂತ ಕಣ್ಣು ತಡಕಾಡುತ್ತದೆ. ಡಿಂಪಲ್ ಬಂದಲ್ಲಿ ಮೊನೆ ತಳ ಮುಟ್ಟದೆ ಗೆರೆ ತುಂಡಾಗುತ್ತದೆ, ಎರಡನೆಯ ಸುತ್ತಿನಲ್ಲಿ ಪೆನ್ನನ್ನು ಬೆರಳಿನಿಂದ ಸ್ವಲ್ಪ ಒತ್ತಿದರೆ ತುಂಬಿಕೊಳ್ಳುತ್ತದೆ.

ಗೆರೆಯನ್ನು ಚೆಂಡಿನ ಯಾವ ದಿಕ್ಕಿನಲ್ಲಿ ಎಳೆಯಬೇಕು? ಹೆಚ್ಚಿನ ಚೆಂಡಿಗೆ ಎಲ್ಲಾದರೂ ಸರಿ. ಒಳಗಿನ ತೂಕ ಒಂದು ಪಕ್ಕಕ್ಕೆ ವಾಲಿದ್ದರೆ ಮಾತ್ರ ಯೋಚಿಸಬೇಕು, ಅದನ್ನು ಉಪ್ಪುನೀರಿನಲ್ಲಿ ನೋಡಬಹುದು. ಚೆಂಡಿನ ಗರಿಷ್ಠ ತೂಕ 45.93 ಗ್ರಾಂ, ಗಾತ್ರ ಸುಮಾರು 40.7 ಘನ ಸೆಂಟಿಮೀಟರ್; ನೀರಿಗಿಂತ ಶೇಕಡಾ 13ರಷ್ಟು ಭಾರ, ಹಾಗಾಗಿ ಮುಳುಗುತ್ತದೆ. ಒಂದು ಲೀಟರ್ ನೀರಿಗೆ 250 ಗ್ರಾಂ ಅಡುಗೆ ಉಪ್ಪು ಕರಗಿಸಿದರೆ ತೇಲುತ್ತದೆ, ನೆತ್ತಿ ಮಾತ್ರ ಹೊರಗೆ. ಡಿಂಪಲ್‌ಗಳಿಗೆ ಅಂಟಿದ ಗಾಳಿಗುಳ್ಳೆಗಳನ್ನು ಬೆರಳಿನಿಂದ ಸವರಿ ತೆಗೆಯಬೇಕು, ಇಲ್ಲದಿದ್ದರೆ ಅವೇ ಚೆಂಡನ್ನು ತಿರುಗಿಸಿಬಿಡುತ್ತವೆ. ಮೇಲೆ ಬಂದ ಜಾಗಕ್ಕೆ ಚುಕ್ಕೆ ಇಟ್ಟು, ತಿರುಗಿಸಿ ಬಿಟ್ಟು, ನಿಂತ ಮೇಲೆ ಮತ್ತೆ ನೋಡಬೇಕು. ನನ್ನ ಹನ್ನೆರಡರಲ್ಲಿ ಹನ್ನೊಂದು ಪ್ರತಿ ಸಲ ಬೇರೆ ಬೇರೆ ಕಡೆ ನಿಂತವು. ಒಂದು ಮಾತ್ರ ಆರು ಸಲವೂ ಅದೇ ಚುಕ್ಕೆಯನ್ನು ಮೇಲಕ್ಕೆ ತಂದಿತು. ಅದಕ್ಕೆ ಆ ಚುಕ್ಕೆಯ ಮೂಲಕವೇ ಹಾದುಹೋಗುವ ಹಾಗೆ ಗೆರೆ ಎಳೆದೆ. ಆಗ ಭಾರದ ಭಾಗ ಗೆರೆಯ ಸಮತಲದಲ್ಲೇ ಮೇಲೆ ಕೆಳಗೆ ಉರುಳುತ್ತದೆ, ಎಡಕ್ಕೋ ಬಲಕ್ಕೋ ಎಳೆಯುವುದಿಲ್ಲ.

ಪೂರ್ತಿ ಸುತ್ತಿನ ಗೆರೆಯನ್ನು ಅಭ್ಯಾಸದ ಎರಡು ಚೆಂಡುಗಳಿಗೆ ಮಾತ್ರ ಹಾಕಿದ್ದೇನೆ. ಅದರಷ್ಟು ನಿಷ್ಠುರವಾದ ಗುರು ಇನ್ನೊಂದಿಲ್ಲ. ಪಟ್ ಹೊಡೆಯುವ ಕ್ಲಬ್ಬಾದ ಪಟರ್‌ನ ಮುಖ ನೇರವಾಗಿ ತಾಗಿದರೆ ಉರುಳುವ ಚೆಂಡಿನ ಮೇಲೆ ಗೆರೆ ಕದಲದ ನೀಲಿ ಪಟ್ಟಿಯಾಗಿ ನಿಲ್ಲುತ್ತದೆ. ಚೂರು ಓರೆಯಾಗಿ ತಾಗಿದರೂ ಗೆರೆ ಹಾವಿನ ಹಾಗೆ ಹೊಯ್ದಾಡುತ್ತದೆ. ಆಟದ ಚೆಂಡುಗಳಿಗೆ ಅರ್ಧ ಸುತ್ತು, 67 ಮಿಲಿಮೀಟರ್. ಜಿಗ್‌ನ ಬೋಲ್ಟ್ ತಲೆಗೆ ಒಂದು ಕಡ್ಡಿ ಅಂಟಿಸಿ, ಅಡ್ಡಪಟ್ಟಿಯ ಮೇಲೆ ಎರಡು ಮೊಳೆ ಹೊಡೆದಿದ್ದೇನೆ. ಕಡ್ಡಿ ಒಂದು ಮೊಳೆಯಿಂದ ಇನ್ನೊಂದಕ್ಕೆ ಹೋಗಿ ನಿಲ್ಲುತ್ತದೆ. ಟೀ ಮೇಲೆ ಗೆರೆ ಬೇಡವೆನಿಸಿದ ದಿನ ಚೆಂಡನ್ನು ಗೆರೆಯಿಲ್ಲದ ಅರ್ಧ ಕಾಣುವ ಹಾಗೆ ತಿರುಗಿಸಿ ಇಡಬಹುದು. ಸೊಂಟದ ಜೋಡಿ ಚುಕ್ಕೆಗಳು ಗೆರೆಯ ಎರಡು ಬದಿಗೆ ಒಂದೊಂದರಂತೆ ಬರುತ್ತವೆ. ಗ್ರೀನ್ ಮೇಲೆ ಎರಡು ಜೋಡಿಗಳ ನಡುವಿನ ಖಾಲಿ ಭಾಗವನ್ನು ನೆತ್ತಿಗೆ ತಂದರೆ ಕಣ್ಣಿಗೆ ಗೆರೆ ಮಾತ್ರ ಕಾಣುತ್ತದೆ.

ಗ್ರೀನ್ ಮೇಲೆ ಚೆಂಡು ತಿರುಗಿಸುವ ಮೊದಲು ಜಾಗದ ಗುರುತಿಗೆ ನಾಣ್ಯ ಇಡುವುದನ್ನು ಮರೆಯಬಾರದು. ಎತ್ತದೆ ಇದ್ದಲ್ಲೇ ತಿರುಗಿಸಿದರೂ ಎತ್ತಿದ ಲೆಕ್ಕವೇ, ಗುರುತಿಲ್ಲದಿದ್ದರೆ ಒಂದು ಹೊಡೆತ. ಗುರುತಿಟ್ಟ ಮೇಲೆ ಚೆಂಡನ್ನು ಒರೆಸಬಹುದು, ಅದೇ ಜಾಗದಲ್ಲಿ ಯಾವ ಮುಖ ಮೇಲೆ ಬರುವ ಹಾಗಾದರೂ ಇಡಬಹುದು. ನಾನು ಚೆಂಡಿನ ಹಿಂದೆ ಕುಕ್ಕರಗಾಲಲ್ಲಿ ಕೂತು, ಚೆಂಡು ಶುರುವಿನಲ್ಲಿ ಯಾವ ದಾರಿ ಹಿಡಿಯಬೇಕೋ ಆ ದಾರಿಗೆ ಗೆರೆ ಇಡುತ್ತೇನೆ, ಹೋಲ್ ಕಡೆಗಲ್ಲ. ಎದ್ದು ಚೆಂಡಿನ ಮೇಲೆ ನಿಂತಾಗ ಗೆರೆ ಬಲಕ್ಕೆ ತಿರುಗಿದ ಹಾಗೆ ಕಾಣುತ್ತದೆ. ಮೊದಮೊದಲು ಮತ್ತೆ ಬಗ್ಗಿ ಸರಿಮಾಡುತ್ತಿದ್ದೆ, ಸರಿಮಾಡಿದ್ದು ಪ್ರತಿ ಸಲವೂ ಎಡಕ್ಕೆ ಹೋಯಿತು. ತಲೆ ಚೆಂಡಿನ ನೇರ ಮೇಲೆ ಇಲ್ಲದಿದ್ದರೆ ಗೆರೆಯ ದಿಕ್ಕು ಓರೆಯಾಗಿ ಕಾಣುವುದು ಸಹಜ. ಕೂತು ಇಟ್ಟದ್ದನ್ನೇ ನಂಬುತ್ತೇನೆ, ನಿಂತ ಮೇಲೆ ಪಟರ್ ಮುಖವನ್ನು ಗೆರೆಗೆ ಅಡ್ಡಲಾಗಿ ಇಡುವುದಷ್ಟೇ ಕೆಲಸ.

ಎರಡು ರೌಂಡ್ ಆಡಿ ಬಂದ ಚೆಂಡುಗಳನ್ನು ನಿನ್ನೆ ಮೇಜಿನ ಮೇಲೆ ಸಾಲಾಗಿ ಇಟ್ಟು ನೋಡಿದೆ. ಹೆಚ್ಚು ಪೆಟ್ಟು ತಿಂದ ಚೆಂಡಿನಲ್ಲಿ ಹನ್ನೆರಡು ಚುಕ್ಕೆಗಳ ಪೈಕಿ ಮೂರು ಹೋಗಿವೆ, ಗೆರೆ ಎರಡು ಕಡೆ ಗೀರು ಬಿದ್ದು ತುಂಡಾಗಿದೆ. ಆರು ಜಾಗದಲ್ಲಿ ಪೂರ್ತಿ ಬೋಳಾದದ್ದು ಒಂದೇ. ತುಂಡಾದ ಗೆರೆಯನ್ನು ಕೈಯಲ್ಲಿ ತಿದ್ದಬಾರದು, ಕೈ ತಿದ್ದಿದ ಜಾಗ ಬಾಗಿಯೇ ಬರುತ್ತದೆ. ಹಳೆಯದನ್ನು ಪೂರ್ತಿ ಒರೆಸಿ ಜಿಗ್‌ಗೇ ಹಾಕುತ್ತೇನೆ, ಒಂದು ಚೆಂಡಿಗೆ ಎರಡು ನಿಮಿಷ.

ಇನ್ನು ಉಳಿದಿದ್ದು ಪ್ರಾವಿಷನಲ್ ಚೆಂಡಿನ ಏರ್ಪಾಡು. ಮೊದಲ ಚೆಂಡು ಸಿಗುತ್ತದೋ ಇಲ್ಲವೋ ಅನ್ನುವ ಅನುಮಾನದಲ್ಲಿ ಹೊಡೆದ ಎರಡನೆಯದು ಅದೇ ಕಡೆ ಹೋಗಿ ಬಿದ್ದರೆ, ಎರಡರ ಮೇಲೂ ನನ್ನದೇ ನೀಲಿ ಜೋಡಿ ಇದ್ದರೆ, ಮೊದಲ ದಿನದ ಹುಲ್ಲಿಗೇ ವಾಪಸ್ ಬಂದ ಹಾಗೆ. ಸಂಖ್ಯೆ ಬೇರೆ ಇದ್ದರೆ ಸಾಕು ಅನ್ನುತ್ತಾರೆ, ಆದರೆ ಅದನ್ನು ಓದಲು ಚೆಂಡು ಎತ್ತಲೇಬೇಕಾಗಬಹುದು. ಹನ್ನೆರಡರಲ್ಲಿ ನಾಲ್ಕಕ್ಕೆ ನೇರಳೆ ಜೋಡಿ ಹಾಕಿ ಬ್ಯಾಗಿನ ಬಲಗಡೆಯ ಜೇಬಿಗೆ ಸೇರಿಸಿದ್ದೇನೆ. ನೀಲಿ ಎಂಟು ಎಡಗಡೆ. ಬೆಳಿಗ್ಗೆ ಹೊರಡುವಾಗ ಜೊತೆಯವರಿಗೆ ಎರಡನ್ನೂ ತೋರಿಸಿ ಹೇಳುತ್ತೇನೆ, ಹುಡುಕುವಾಗ ಅವರ ಕಣ್ಣೂ ಚುಕ್ಕೆಯನ್ನೇ ಹುಡುಕಲಿ ಅಂತ.